ವಿಟಮಿನ್ ಡಿ ಪುಡಿ ಕುಡಿದರೆ ಬೊಜ್ಜು ಕರಗುತ್ತದೆಯೇ?

ನಲವತ್ತು ದಾಟಿದ ಹೆಂಗಸರಿಗೆ ಮೈ ಬರುವುದು ವಿಟಮಿನ್ ಡಿ ಕೊರತೆಯಿಂದ, ವಾರಕ್ಕೊಂದು ಪುಡಿ ಪ್ಯಾಕೆಟ್ ಹಾಲಿಗೆ ಹಾಕಿ ಕುಡಿದರೆ ಬೊಜ್ಜು ಕರಗುತ್ತದೆ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಇದರಲ್ಲಿ ಅರ್ಧ ನಿಜ. ದಾರಿ ತಪ್ಪಿಸುವುದೂ ಆ ಅರ್ಧವೇ.

ಬೊಜ್ಜು ಇರುವವರ ರಕ್ತದಲ್ಲಿ ವಿಟಮಿನ್ ಡಿ ಕಡಿಮೆ ಇರುವುದು ಹೌದು. ಆದರೆ ಯಾವುದರಿಂದ ಯಾವುದು? ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುವ ವಸ್ತು. ಒಂದೇ ಚಮಚ ಉಪ್ಪನ್ನು ಚೊಂಬು ನೀರಿಗೂ ಬಿಂದಿಗೆ ನೀರಿಗೂ ಹಾಕಿ ನೋಡಿ, ಬಿಂದಿಗೆ ನೀರು ಸಪ್ಪೆಯಾಗಿರುತ್ತದೆ. ಮೈಯಲ್ಲಿ ಕೊಬ್ಬು ಹೆಚ್ಚಿದ್ದಾಗ ಆಗುವುದೂ ಹೆಚ್ಚುಕಡಿಮೆ ಇದೇ. 2000ರಲ್ಲಿ ಅಮೆರಿಕದ ಬಾಸ್ಟನ್‌ನ ಸಂಶೋಧಕರು ಬೊಜ್ಜು ಇರುವ 19 ಮಂದಿಗೂ ಇಲ್ಲದ 19 ಮಂದಿಗೂ ಒಂದೇ ಪ್ರಮಾಣದ ನೇರಳಾತೀತ ಬೆಳಕು ಬೀಳುವಂತೆ ಮಾಡಿದರು. ಬೊಜ್ಜು ಇದ್ದವರ ರಕ್ತದಲ್ಲಿ ವಿಟಮಿನ್ ಏರಿದ್ದು 57% ಕಡಿಮೆ. ಅವರ ಚರ್ಮದಲ್ಲಿ ವಿಟಮಿನ್ ತಯಾರಿಸುವ ಶಕ್ತಿಗೇನೂ ಕೊರತೆ ಇರಲಿಲ್ಲ.

2013ರಲ್ಲಿ ಸುಮಾರು 42,000 ಜನರ ವಂಶವಾಹಿಗಳನ್ನು ಪರಿಶೀಲಿಸಿದ ಅಧ್ಯಯನ ಇದನ್ನು ಇನ್ನಷ್ಟು ಸ್ಪಷ್ಟ ಮಾಡಿತು. ತೂಕ ಹೆಚ್ಚಿದರೆ ವಿಟಮಿನ್ ಡಿ ಇಳಿಯುತ್ತದೆ; ವಿಟಮಿನ್ ಡಿ ಇಳಿದರೆ ತೂಕ ಏರುತ್ತದೆ ಎನ್ನುವುದಕ್ಕೆ ಆಧಾರ ಸಿಗಲಿಲ್ಲ. ಫಾರ್ವರ್ಡ್ ಬಂಡಿಯನ್ನು ಎತ್ತಿನ ಮುಂದೆ ಕಟ್ಟಿದೆ. ಕೊಟ್ಟು ನೋಡಿದ ಪ್ರಯೋಗವೂ ಇದೆ: ಮುಟ್ಟು ನಿಂತ 36,282 ಅಮೆರಿಕನ್ ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಸುಮಾರು ಏಳು ವರ್ಷ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊಟ್ಟರು. ಉಳಿದವರಿಗೆ ಹೋಲಿಸಿದರೆ ತೂಕದಲ್ಲಿ ಸಿಕ್ಕ ವ್ಯತ್ಯಾಸ 130 ಗ್ರಾಂ.

ಇಷ್ಟು ಬಿಸಿಲಿರುವ ಕೋಲಾರದಲ್ಲಿ ಕೊರತೆ ಎಲ್ಲಿಂದ ಬರುತ್ತದೆ ಎಂದು ಕೇಳಬಹುದು. ಬಿಸಿಲಿದ್ದರೆ ಸಾಲದು, ಅದು ಮೈಮೇಲೆ ಬೀಳಬೇಕು. ಶ್ರೀನಿವಾಸಪುರದ ಮಾವಿನ ತೋಪಿನಲ್ಲೋ ಟೊಮೆಟೊ ಹೊಲದಲ್ಲೋ ದುಡಿಯುವವರ ಸ್ಥಿತಿ ಬೇರೆ. ನಸುಕಿನಲ್ಲೇ ಬಸ್ಸು ಹತ್ತಿ ಮಾಲೂರು, ನರಸಾಪುರದ ಕಾರ್ಖಾನೆಗಳಿಗೆ ಹೋಗಿ ಕತ್ತಲಾದ ಮೇಲೆ ಮನೆ ಸೇರುವವರ ಸ್ಥಿತಿಯೇ ಬೇರೆ. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲು ಲೆಕ್ಕಕ್ಕಿಲ್ಲ, ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಬೆಳಗಿನ ಎಳೆಬಿಸಿಲೇ ಶ್ರೇಷ್ಠ ಎನ್ನುವುದೂ ಸರಿಯಲ್ಲ. ಆ ಹೊತ್ತಿನಲ್ಲಿ ಈ ಕಿರಣ ತೀರಾ ಕಡಿಮೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತು ಒಳ್ಳೆಯದು. ರಾಗಿಮುದ್ದೆಯಲ್ಲಿ ಕ್ಯಾಲ್ಸಿಯಂ ಧಾರಾಳ, ವಿಟಮಿನ್ ಡಿ ಇಲ್ಲ.

ನಮ್ಮ ಚಿಂತೆ ಇರುವುದು ಪುಡಿಯ ಬಗ್ಗೆ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಪ್ಯಾಕೆಟ್‌ನಲ್ಲಿ ಸಾಮಾನ್ಯವಾಗಿ 60,000 ಯೂನಿಟ್ ಇರುತ್ತದೆ. ದಿನಕ್ಕೆ ಬೇಕಾದದ್ದು 600, ಅಂದರೆ ಒಂದು ಪ್ಯಾಕೆಟ್ ನೂರು ದಿನದ ಲೆಕ್ಕ. ಕೊರತೆ ಇದ್ದವರಿಗೆ ವೈದ್ಯರು ವಾರಕ್ಕೊಂದರಂತೆ ಕೆಲವು ವಾರ ಬರೆದುಕೊಡುತ್ತಾರೆ, ಆಮೇಲೆ ಕಡಿಮೆ ಮಾಡುತ್ತಾರೆ. ಅಕ್ಕನ ಚೀಟಿ ತೋರಿಸಿ ತಂಗಿ ವರ್ಷಗಟ್ಟಲೆ ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಬಹುದು. ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ ಶುರುವಾಗಿ ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು.

ಇನ್ನೊಂದು ಅಪಾಯ ಸದ್ದಿಲ್ಲದ್ದು. ಮಂಡಿನೋವು, ಸುಸ್ತು, ತೂಕ ಎಲ್ಲವನ್ನೂ ವಿಟಮಿನ್ ಖಾತೆಗೆ ಬರೆದುಬಿಟ್ಟರೆ ಥೈರಾಯ್ಡ್, ರಕ್ತಹೀನತೆ, ಸಕ್ಕರೆ ಕಾಯಿಲೆ ತಪ್ಪಿಸಿಕೊಳ್ಳುತ್ತವೆ. ಕೋಲಾರ ಜಿಲ್ಲೆಯಲ್ಲಿ ಫ್ಲೋರೈಡ್ ಅನ್ನೂ ಮರೆಯುವಂತಿಲ್ಲ. ಮುಳಬಾಗಿಲು ಸೇರಿದಂತೆ ಹಲವು ಕಡೆ ಆಳದ ಕೊಳವೆಬಾವಿಗಳ ನೀರಿನಲ್ಲಿ ಅದು ಮಿತಿ ಮೀರಿದೆ. ಅಂಥ ನೀರನ್ನು ವರ್ಷಾನುಗಟ್ಟಲೆ ಕುಡಿದವರಿಗೆ ಕೀಲು, ಬೆನ್ನು ಬಿಗಿಯುತ್ತವೆ. ಕೊಳವೆಬಾವಿ ನೀರು ಬಿಟ್ಟು ಶುದ್ಧ ಕುಡಿಯುವ ನೀರಿನ ಘಟಕದಿಂದ ತರುವುದನ್ನು ಯಾವ ಪುಡಿಯೂ ಮಾಡಲಾರದು.

ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಈಸ್ಟ್ರೋಜನ್ ಇಳಿದು ಕೊಬ್ಬು ಹೊಟ್ಟೆಯ ಕಡೆ ಸರಿಯುತ್ತದೆ, ಸ್ನಾಯು ಕರಗುತ್ತದೆ. ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದ್ದರೆ ಮೊದಲು ಬಿಪಿ, ಸಕ್ಕರೆ ನೋಡಿಸಿ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದು ಉಚಿತ. ಯಾವ ದಿನ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಬೊಜ್ಜು ಇದೆ ಎಂಬ ಒಂದೇ ಕಾರಣಕ್ಕೆ ಎಲ್ಲರಿಗೂ ವಿಟಮಿನ್ ಡಿ ಪರೀಕ್ಷೆ ಬೇಡ ಎನ್ನುತ್ತದೆ ಅಮೆರಿಕದ ಎಂಡೋಕ್ರೈನ್ ಸೊಸೈಟಿಯ 2024ರ ಮಾರ್ಗಸೂಚಿ. ಮೂಳೆ ಸವೆತವೋ ಮೂಳೆನೋವೋ ಇದ್ದರೆ ಮಾತು ಬೇರೆ. ವೈದ್ಯರ ಹತ್ತಿರ ಹೋಗುವಾಗ ಮನೆಯಲ್ಲಿರುವ ಕ್ಯಾಲ್ಸಿಯಂ ಮಾತ್ರೆಯ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ. ಅವುಗಳಲ್ಲಿ ಬಹುಪಾಲಿಗೆ ವಿಟಮಿನ್ ಡಿ ಮೊದಲೇ ಸೇರಿರುತ್ತದೆ.