ಸ್ಮೃತಿಯ ಗರಡಿಮನೆ: ಒಂದು ಆಕ್ಷೇಪಣೆ

ನಮ್ಮ ಸಂಘದ ಕಾರ್ಯಸಮಿತಿಯ ಮುಂದೆ ಈಗ ಒಂದು ಸಲಹೆ ಬಂದಿದೆ. ಪ್ರತಿವರ್ಷವೂ ಪ್ರೌಢಶಾಲೆಯ ಮಕ್ಕಳಿಗಾಗಿ ನಾವು ನಡೆಸುತ್ತ ಬಂದಿರುವ ಕಂಠಪಾಠಸ್ಪರ್ಧೆಯನ್ನೂ, ವಾಚನಾಲಯಕ್ಕೆ ಪುಸ್ತಕ ಕೊಳ್ಳುವುದನ್ನೂ ಎರಡು ವರ್ಷಗಳ ಮಟ್ಟಿಗೆ ನಿಲ್ಲಿಸಿ, ಆ ಹಣದಿಂದ ಸ್ಮೃತಿತರಬೇತಿಯ ತರಗತಿಯೊಂದನ್ನು ತೆರೆಯಬೇಕೆಂಬುದೇ ಆ ಸಲಹೆ. ಕಳೆದ ಸಂಚಿಕೆಯಲ್ಲಿ ಇದನ್ನು ಸಮರ್ಥಿಸಿ ಲೇಖನ ಬರೆದಿರುವ ಮಿತ್ರರು ನನಗೆ ಬಹುಕಾಲದ ಪರಿಚಿತರು. ಅವರ ಸದುದ್ದೇಶದಲ್ಲಿ ನನಗೆ ಲೇಶವೂ ಸಂದೇಹವಿಲ್ಲ. ಆದರೆ ಸದುದ್ದೇಶವು ಪ್ರಮಾಣವಾಗಲಾರದು. ಅವರ ಪಕ್ಷವನ್ನು ಮೊದಲು ಅವರ ಬಾಯಿಂದ ಬಂದಂತೆಯೇ ಹೇಳಿ, ಅನಂತರ ಉತ್ತರ ಹೇಳುವೆನು. ಪಾಠಶಾಲೆಯಲ್ಲಿ ನಮಗೆ ಕಲಿಸಿದ ಕ್ರಮವೇ ಅದು. ಪೂರ್ವಪಕ್ಷವನ್ನು ದುರ್ಬಲಗೊಳಿಸಿ ಹೇಳಿದವನಿಗೆ ನಮ್ಮ ಗುರುಗಳು ಆ ದಿನ ಊಟಕ್ಕೆ ಕಡೆಯ ಪಂಕ್ತಿಯನ್ನು ತೋರಿಸುತ್ತಿದ್ದರು.

ಇಂಗ್ಲಿಷಿನಲ್ಲಿ ವರ್ಕಿಂಗ್ ಮೆಮೊರಿ ಎಂದು ಕರೆಯುವುದನ್ನು ಇಲ್ಲಿ ಕಾರ್ಯಸ್ಮೃತಿ ಎನ್ನುವೆನು. ಹುಡುಗನೊಬ್ಬನು ಮನಸ್ಸಿನಲ್ಲಿಯೇ ನಲವತ್ತೇಳಕ್ಕೆ ಮೂವತ್ತೆಂಟನ್ನು ಕೂಡುವಾಗ, ಏಳೂ ಎಂಟೂ ಹದಿನೈದೆಂದು ಐದನ್ನು ಒಂದು ಕಡೆ ಇಟ್ಟು, ಒಂದು ದಶಕವನ್ನು ಬಿಡದೆ ಹಿಡಿದುಕೊಂಡು, ನಾಲ್ಕನ್ನೂ ಮೂರನ್ನೂ ಕೂಡಿಸುವನಷ್ಟೆ. ಆ ಐದನ್ನೂ ಆ ದಶಕವನ್ನೂ ಹಿಡಿದಿರುವ ಶಕ್ತಿಯೇ ಕಾರ್ಯಸ್ಮೃತಿ. ಕಳೆದ ವರ್ಷ ಕಲಿತ ಪದ್ಯವನ್ನು ಇಂದು ಒಪ್ಪಿಸುವ ಸ್ಮೃತಿ ಬೇರೆ, ಕೆಲಸ ನಡೆಯುವಷ್ಟು ಹೊತ್ತು ಮಾತ್ರ ನಿಲ್ಲುವ ಈ ಸ್ಮೃತಿ ಬೇರೆ. ಇದರ ಅಳತೆ ಬಹಳ ಚಿಕ್ಕದು. ಅಮೆರಿಕದ ಜಾರ್ಜ್ ಮಿಲ್ಲರ್ ಎಂಬ ಪಂಡಿತರು 1956ರಲ್ಲಿ ಏಳರ ಆಸುಪಾಸೆಂದರು. 2001ರಲ್ಲಿ ನೆಲ್ಸನ್ ಕೋವನ್ ಎಂಬವರು ಅದನ್ನು ನಾಲ್ಕರ ಸಮೀಪಕ್ಕೆ ಇಳಿಸಿದರು.

ಮಿತ್ರರ ವಾದವಿದು: ಚಿಕ್ಕದಾದ ಈ ಪಾತ್ರೆಯನ್ನು ಅಭ್ಯಾಸದಿಂದ ಹಿಗ್ಗಿಸಬಹುದು, ಹಿಗ್ಗಿಸಿದರೆ ಏಕಾಗ್ರತೆ ಹೆಚ್ಚುವುದು, ಚಿಂತೆಯೆಂಬುದು ಕಾರ್ಯಸ್ಮೃತಿಯಲ್ಲಿ ಸ್ಥಳವನ್ನು ಆಕ್ರಮಿಸಿಕೊಳ್ಳುವುದರಿಂದ, ಪಾತ್ರೆ ದೊಡ್ಡದಾದರೆ ಮನಸ್ಸಿನ ಖೇದವೂ ಕುಗ್ಗುವುದು. ಅದಕ್ಕಾಗಿ ಅವರು ಹೇಳುವ ವ್ಯಾಯಾಮದ ಹೆಸರು ಡ್ಯುಯಲ್ ಎನ್-ಬ್ಯಾಕ್. ಫಲಕದ ಮೇಲಿನ ಮನೆಗಳಲ್ಲಿ ಒಂದರಲ್ಲಿ ಚೌಕವೊಂದು ಮಿಂಚಿ ಮಾಯವಾಗುವುದು. ಅದೇ ಹೊತ್ತಿಗೆ ಕಿವಿಗೆ ಒಂದು ಅಕ್ಷರ ಕೇಳುವುದು. ಈಗ ಬಂದದ್ದು ಎರಡು ಸಲದ ಹಿಂದೆ ಬಂದದ್ದೇ ಆಗಿದ್ದರೆ ಗುಂಡಿಯೊತ್ತಬೇಕು. ಗೆದ್ದವನಿಗೆ ಮೂರು ಸಲದ ಹಿಂದಿನದು, ಬಳಿಕ ನಾಲ್ಕು. ನಾನೂ ಮಾಡಿ ನೋಡಿದೆನು, ಮೂರಕ್ಕೆ ನಿಂತೆನು. 2008ರಲ್ಲಿ ಸುಸಾನ್ನೆ ಯೆಗ್ಗಿ ಮತ್ತು ಅವರ ಸಂಗಡಿಗರು ದಿನಕ್ಕೆ ಇಪ್ಪತ್ತೈದು ನಿಮಿಷಗಳಂತೆ ಎಂಟರಿಂದ ಹತ್ತೊಂಬತ್ತು ದಿನಗಳವರೆಗೆ ಇದನ್ನು ಮಾಡಿಸಿ, ಹೊಸ ಸಮಸ್ಯೆಗಳನ್ನು ಬಿಡಿಸುವ ಬುದ್ಧಿಯೇ ಬೆಳೆಯಿತೆಂದು ಪ್ರಕಟಿಸಿದರು. ದಿನಗಳು ಹೆಚ್ಚಿದಷ್ಟೂ ಫಲವೂ ಹೆಚ್ಚಿತೆಂದರು. ಪೂರ್ವಪಕ್ಷಕ್ಕೆ ಇದಕ್ಕಿಂತ ಬಲವಾದ ಆಧಾರವಿಲ್ಲ.

ಇನ್ನು ಉತ್ತರ. ಆ ಪ್ರಯೋಗದಲ್ಲಿ ಅಭ್ಯಾಸ ಮಾಡಿದವರನ್ನು ಹೋಲಿಸಿದ್ದು ಯಾರೊಡನೆ? ಏನೂ ಮಾಡದೆ, ಬರಿಯ ಪರೀಕ್ಷೆಗೆ ಬಂದು ಹೋದವರೊಡನೆ. ಹಾಗಾದರೆ ಕಂಡ ಫಲವು ಅಭ್ಯಾಸದ್ದೋ, ದಿನವೂ ಬಂದು ಕುಳಿತು ತನಗೇನೋ ಆಗುತ್ತಿದೆಯೆಂದು ನಂಬಿದ ಉತ್ಸಾಹದ್ದೋ, ಹೇಗೆ ತಿಳಿಯಬೇಕು? 2013ರಲ್ಲಿ ಥಾಮಸ್ ರೆಡಿಕ್ ಮತ್ತಿತರರು ಈ ದೋಷವನ್ನು ನೀಗಿದರು. ಒಂದು ಗುಂಪಿಗೆ ಈ ವ್ಯಾಯಾಮ, ಇನ್ನೊಂದಕ್ಕೆ ಅಷ್ಟೇ ಶ್ರಮದ ಬೇರೊಂದು ಕೆಲಸ, ಮೂರನೆಯದಕ್ಕೆ ಏನೂ ಇಲ್ಲ. ಇಪ್ಪತ್ತು ಸಲ ಕೂರಿಸಿದ ಮೇಲೆ, ತಾವು ಮಾಡಿದ ಕೆಲಸದಲ್ಲಿ ಅವರವರು ಪಳಗಿದ್ದರು; ಬುದ್ಧಿಯ ಪರೀಕ್ಷೆಗಳಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. 2016ರಲ್ಲಿ ಓಸ್ಲೋದ ಮೋನಿಕಾ ಮೆಲ್ಬಿ-ಲೆರ್ವೋಗ್ ಮತ್ತು ಸಂಗಡಿಗರು ಇಂಥ 87 ಪ್ರಕಟಣೆಗಳನ್ನು ಒಟ್ಟಿಗೆ ತೂಗಿ ನೋಡಿದಾಗಲೂ ಸಿಕ್ಕಿದ್ದು ಇದೇ ತೀರ್ಮಾನ: ಮಾಡಿದ ವ್ಯಾಯಾಮಕ್ಕೆ ಸಮೀಪವಾದ ಕೆಲಸಗಳಲ್ಲಿ ಲಾಭವುಂಟು, ತರ್ಕ, ಓದು, ಗಣಿತ ಇವುಗಳಿಗೆ ಆ ಲಾಭ ದಾಟುವುದೆನ್ನಲು ನಂಬತಕ್ಕ ಆಧಾರವಿಲ್ಲ. ಇದಕ್ಕೂ ಮೊದಲೇ, 2010ರಲ್ಲಿ, ಏಡ್ರಿಯನ್ ಓವೆನ್ ಮತ್ತಿತರರು 11,430 ಜನರಿಂದ ಆರು ವಾರಗಳ ಕಾಲ ಬಗೆಬಗೆಯ ಮೆದುಳಿನಾಟಗಳನ್ನು ಆಡಿಸಿ ಇದೇ ಮಾತನ್ನು ಹೇಳಿದ್ದರು. ಪ್ರತಿಪಕ್ಷದಲ್ಲಿ ವಿದ್ವಾಂಸರಿಲ್ಲವೆಂದು ನಾನು ಹೇಳುವುದಿಲ್ಲ. 2014ರಲ್ಲಿ ಎಪ್ಪತ್ತು ಮಂದಿ ಈ ವ್ಯಾಪಾರವನ್ನು ಆಕ್ಷೇಪಿಸಿ ಸಹಿ ಮಾಡಿದರೆ, ನೂರಕ್ಕೂ ಮಿಗಿಲಾದವರು ಅದಕ್ಕೆ ಪ್ರತ್ಯುತ್ತರವಾಗಿ ಸಹಿ ಮಾಡಿದರು. ಸಹಿಗಳ ಎಣಿಕೆಯಿಂದ ಸತ್ಯವು ನಿರ್ಣಯವಾಗುವುದಾದರೆ ನಮ್ಮ ಸಂಘದ ಚುನಾವಣೆಯೂ ಒಂದು ಶಾಸ್ತ್ರವಾದೀತು. ಮಾರುವವರ ಮಾತಿಗೆ ಮಾತ್ರ ಬೇರೆ ಬಗೆಯ ಉತ್ತರ ದೊರೆತಿದೆ: 2016ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನವರು, ಆಧಾರವಿಲ್ಲದ ಭರವಸೆಗಳನ್ನು ಕೊಟ್ಟರೆಂದು ಲೂಮಾಸಿಟಿ ಎಂಬ ಆಟಗಳನ್ನು ಮಾರುತ್ತಿದ್ದವರ ಮೇಲೆ ಆರೋಪ ಹೊರಿಸಿದರು, ಮಾರಾಟಗಾರರು ಇಪ್ಪತ್ತು ಲಕ್ಷ ಡಾಲರು ತೆರಲು ಒಪ್ಪಿ ವ್ಯವಹಾರವನ್ನು ತೀರಿಸಿಕೊಂಡರು.

ಈ ಭ್ರಮೆಯ ಮೂಲವಿರುವುದು ಗರಡಿಮನೆಯ ಉಪಮೆಯಲ್ಲಿ. ದಂಡ ಹೊಡೆದ ತೋಳು ಮೂಟೆಯನ್ನೂ ಹೊರುವುದು, ನೀರನ್ನೂ ಸೇದುವುದು. ಮನಸ್ಸನ್ನೂ ಅಂಥ ತೋಳೆಂದು ಬಗೆದರೆ ಮಿತ್ರರ ಸಿದ್ಧಾಂತ ತಾನಾಗಿಯೇ ಹುಟ್ಟುವುದು. ಮನಸ್ಸು ತೋಳಲ್ಲವೆಂಬುದಕ್ಕೆ ಒಂದು ವೃತ್ತಾಂತವನ್ನು ಹೇಳುವೆನು. ಮನೋವಿಜ್ಞಾನದಲ್ಲಿ ನಾನು ಓದಿದ್ದರಲ್ಲೆಲ್ಲ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಅಮೆರಿಕದ ಕಾಲೇಜೊಂದರ ವಿದ್ಯಾರ್ಥಿಗೆ ಎರಿಕ್ಸನ್, ಚೇಸ್ ಮುಂತಾದವರು ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿ, ಅದೇ ಕ್ರಮದಲ್ಲಿ ಒಪ್ಪಿಸಲು ಹೇಳಿದರು. ಮೊದಲು ಎಲ್ಲರಂತೆ ಏಳು ಅಂಕಿ ಹೇಳಿದನು. ಸುಮಾರು 230 ಗಂಟೆಗಳ ಅಭ್ಯಾಸವಾದ ಮೇಲೆ ಎಪ್ಪತ್ತೊಂಬತ್ತು ಅಂಕಿಗಳನ್ನು ತಪ್ಪಿಲ್ಲದೆ ಒಪ್ಪಿಸಿದನು! ಏಳು ಹಿಡಿಯುತ್ತಿದ್ದ ಪಾತ್ರೆ ಹನ್ನೊಂದು ಪಾಲು ಹಿಗ್ಗಿತಲ್ಲವೆ? ಆಗ ಅಂಕಿಗಳ ಬದಲಿಗೆ ಅಕ್ಷರಗಳನ್ನು ಓದಿ ಹೇಳಿದರು. ಆರರ ಸುಮಾರಿಗೆ ನಿಂತುಹೋದನು. ಆ ಹುಡುಗನು ಓಟಗಾರ. ಅಂಕಿಗಳನ್ನು ಮೂರು ನಾಲ್ಕರ ಗುಂಪು ಮಾಡಿ, ಇಷ್ಟು ನಿಮಿಷ ಇಷ್ಟು ಸೆಕೆಂಡಿನ ಓಟವೆಂದು ತನಗೆ ಗೊತ್ತಿದ್ದ ಓಟದ ಕಾಲಗಳಿಗೆ ಜೋಡಿಸಿಕೊಳ್ಳುತ್ತಿದ್ದನು. ಅಕ್ಷರಗಳು ಓಡುವುದಿಲ್ಲವಷ್ಟೆ! ಪಾತ್ರೆ ಹಿಗ್ಗಿರಲಿಲ್ಲ, ಅದರಲ್ಲಿ ಜೋಡಿಸಿಡುವ ಬಗೆಯೊಂದು ಬಂದಿತ್ತು, ಅದೂ ಒಂದು ಜಾತಿಯ ಪದಾರ್ಥಕ್ಕೆ ಮಾತ್ರ. 1980ರಲ್ಲಿ ಇದು ಪ್ರಕಟವಾಗಿ ಎಲ್ಲರಿಗೂ ತಿಳಿದ ವಿಷಯವಾಗಿದ್ದರೂ ಇಪ್ಪತ್ತೆಂಟು ವರ್ಷಗಳ ಮೇಲೆ ಅದೇ ಆಸೆ ಮತ್ತೆ ಚಿಗುರಿತು.

ಈಗ ನನ್ನ ಮಿತ್ರರು ನಗುತ್ತ, ಪಾಠಶಾಲೆಯವರಾದ ನೀವೇ ಹೀಗೆ ಹೇಳಬಹುದೆ ಎಂದು ಕೇಳುವರೆಂದು ಬಲ್ಲೆನು. ಯಜುರ್ವೇದದ ಪಂಡಿತರ ವಿಚಾರವನ್ನು ಅವರು ತಮ್ಮ ಲೇಖನದಲ್ಲಿ ಎತ್ತಿಯೂ ಇದ್ದಾರೆ. 2016ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಜೇಮ್ಸ್ ಹಾರ್ಟ್ಸೆಲ್ ಮತ್ತಿತರರು ಇಪ್ಪತ್ತೊಂದು ಮಂದಿ ವೇದಪಂಡಿತರ ಮೆದುಳಿನ ಚಿತ್ರಗಳನ್ನು ತೆಗೆದು, ಭಾಷೆಗೂ ಸ್ಮೃತಿಗೂ ಸಂಬಂಧಿಸಿದ ಕೆಲವು ಭಾಗಗಳು ಇತರರಿಗಿಂತ ದಪ್ಪವಾಗಿರುವುದನ್ನು ಕಂಡರು. ಓದಿದಾಗ ನನಗೂ ಮೀಸೆ ತಿರುವುವಷ್ಟು ಸಂತೋಷವಾಯಿತು. ಆದರೆ ಸಂತೋಷ ಬೇರೆ, ಅನುಮಾನಪ್ರಮಾಣ ಬೇರೆ. ಆಗಲೇ ಪಂಡಿತರಾದವರನ್ನು ಒಂದು ಸಲ ನೋಡಿದರೆ, ಅಧ್ಯಯನದಿಂದ ಮೆದುಳು ಹಾಗಾಯಿತೋ, ಅಂಥ ಮೆದುಳಿದ್ದವರೇ ಘನಾಂತದವರೆಗೆ ನಿಂತರೋ ಗೊತ್ತಾಗದು. ಕ್ರಮ, ಜಟೆ, ಘನಗಳನ್ನು ಹೇಳಬಲ್ಲವರು ಮನೆಯ ಬೀಗದ ಕೈಯನ್ನು ಮರೆಯುವುದಿಲ್ಲವೆಂದು ಆ ಪರೀಕ್ಷೆ ಹೇಳಿಲ್ಲ. ಮರೆತ ಘನಪಾಠಿಗಳನ್ನು ನಾನು ಬಲ್ಲೆನು. ಅಷ್ಟಾವಧಾನಿಯೂ ಅಷ್ಟೆ. ನಿಷೇಧಾಕ್ಷರಿಯ ನಡುವೆ ಅಪ್ರಸ್ತುತ ಪ್ರಸಂಗಕ್ಕೂ ಉತ್ತರ ಕೊಟ್ಟು, ಬಿಟ್ಟ ಪಾದವನ್ನು ಬಿಟ್ಟಲ್ಲಿಂದಲೇ ಎತ್ತಿಕೊಳ್ಳುವ ಅವರನ್ನು ಹೊರುವುದು ಛಂದಸ್ಸು, ನಿಘಂಟು, ಕಾವ್ಯಗಳ ಬಹುವರ್ಷಗಳ ಸಂಗ್ರಹವೇ ಹೊರತು ಬರಿದಾದ ದೊಡ್ಡ ಪಾತ್ರೆಯಲ್ಲ. ಚರಕಸಂಹಿತೆಯು ಸ್ಮೃತಿಗೆ ಎಂಟು ಕಾರಣಗಳನ್ನು ಹೇಳುವುದು. ಸಾದೃಶ್ಯ, ವೈಪರೀತ್ಯ, ಮನಸ್ಸಿನ ಲಗ್ನತೆ ಮುಂತಾದ ಅವುಗಳಲ್ಲಿ ಅಭ್ಯಾಸವೂ ಒಂದು, ಒಂದು ಮಾತ್ರ.

ಒಂದು ತಪ್ಪೊಪ್ಪಿಗೆಯನ್ನೂ ಇಲ್ಲಿಯೇ ಮಾಡಬೇಕಾಗಿದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಮಕ್ಕಳ ತಂದೆತಾಯಿಗಳಿಗೆ, ಅಮರಕೋಶವನ್ನು ಕಂಠಸ್ಥ ಮಾಡಿಸಿರಿ, ಗಣಿತವೂ ತಾನಾಗಿ ಬರುವುದು ಎಂದು ಹೇಳುತ್ತಿದ್ದೆನು. ಒಬ್ಬ ಹುಡುಗನು ಮೂರು ಕಾಂಡಗಳನ್ನೂ ನಿರರ್ಗಳವಾಗಿ ಒಪ್ಪಿಸಿ ಗಣಿತದಲ್ಲಿ ಎರಡು ಸಲ ತೇರ್ಗಡೆಯಾಗಲಿಲ್ಲ. ಅವನ ತಂದೆ ಬಂದು ಏನೂ ಕೇಳಲಿಲ್ಲ; ಕೇಳಿದ್ದರೆ ಒಳ್ಳೆಯದಿತ್ತು. ನಾನು ಆಗ ಕೊಟ್ಟ ಭರವಸೆಗೂ ಈಗ ಫಲಕದ ಚೌಕಗಳನ್ನು ಮಾರುವವರ ಭರವಸೆಗೂ ಭೇದವಿರುವುದು ಶುಲ್ಕದಲ್ಲಿ ಮಾತ್ರ. ವಿಲಿಯಂ ಜೇಮ್ಸ್ ಎಂಬ ತತ್ತ್ವಜ್ಞರು ಇದನ್ನು ತಮ್ಮ ಮೇಲೆಯೇ ಪರೀಕ್ಷಿಸಿ 1890ರ ಗ್ರಂಥದಲ್ಲಿ ಬರೆದಿಟ್ಟಿರುವರು. ಫ್ರೆಂಚ್ ಕಾವ್ಯವೊಂದರ 158 ಸಾಲು ಕಲಿಯಲು ಅವರಿಗೆ ಸುಮಾರು 132 ನಿಮಿಷ ಹಿಡಿಯಿತು. ಆಮೇಲೆ ಮಿಲ್ಟನ್ನನ ಮಹಾಕಾವ್ಯದ ಮೊದಲ ಸರ್ಗವನ್ನು ಮೂವತ್ತೆಂಟು ದಿನಗಳಲ್ಲಿ ಬಾಯಿಪಾಠ ಮಾಡಿ, ಮತ್ತೆ ಅದೇ ಫ್ರೆಂಚ್ ಕಾವ್ಯದ ಬೇರೆ 158 ಸಾಲುಗಳಿಗೆ ಕೈಯಿಕ್ಕಿದರು. ಈ ಸಲ ಹಿಡಿದದ್ದು ನೂರೈವತ್ತೊಂದೂವರೆ ನಿಮಿಷ! ಅಮರವು ಅಮರಕ್ಕಾಗಿಯೇ ಕಲಿಯತಕ್ಕದ್ದು. ಶಬ್ದವು ನಾಲಗೆಯ ತುದಿಯಲ್ಲಿದ್ದವನಿಗೆ ಕಾವ್ಯ ತೆರೆಯುವುದು. ಅಷ್ಟು ಲಾಭ ಸಾಲದೆ?

ಖೇದದ ವಿಷಯವು ಇದಕ್ಕಿಂತ ಗಂಭೀರವಾದುದು. ಚಿಂತೆಯಿದ್ದಲ್ಲಿ ಕಾರ್ಯಸ್ಮೃತಿ ಕುಗ್ಗುವುದೆಂಬುದನ್ನು ಒಪ್ಪಿದೆನು. ಅದರಿಂದ, ಕಾರ್ಯಸ್ಮೃತಿಯನ್ನು ಎಳೆದರೆ ಚಿಂತೆ ಹೋಗುವುದೆಂದು ಸಾಧಿಸಲು ಬಾರದು. ಹೊಗೆಯಿದ್ದಲ್ಲಿ ಬೆಂಕಿಯುಂಟು, ಬೆಂಕಿಯಿದ್ದಲ್ಲೆಲ್ಲ ಹೊಗೆಯಿಲ್ಲ. ಕಾದ ಕಬ್ಬಿಣದ ಗುಂಡನ್ನು ತೋರಿಸಿ ತರ್ಕದ ಮೊದಲ ವರ್ಷದ ಹುಡುಗನು ಇದಕ್ಕೆ ಉತ್ತರ ಹೇಳುವನು. ಖೇದಕ್ಕೆಂದು ಈ ವ್ಯಾಯಾಮವನ್ನು ಮಾಡಿಸಿ ನಡೆಸಿದ ಪರೀಕ್ಷೆಗಳ ಫಲವೂ ಒಂದೇ ತೆರನಾಗಿಲ್ಲ. ಪಕ್ಷಾಂತರದಲ್ಲಿ, ನೆರೆಯ ತಮಿಳುನಾಡಿನ 464 ಮಂದಿ ಕಬ್ಬಿನ ರೈತರನ್ನು ಕೊಯ್ಲಿಗೆ ಮುಂಚೆಯೂ ಆಮೇಲೆಯೂ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಲೇಖನವೊಂದುಂಟು. ಕೊಯ್ಲಿಗೆ ಮುಂಚೆ ಕೈಯಲ್ಲಿ ಕಾಸಿಲ್ಲ; ಆಮೇಲೆ ಹಣ ಬಂದಿರುವುದು. ಅದೇ ರೈತರು ಬುದ್ಧಿಯ ಪರೀಕ್ಷೆಯಲ್ಲಿಯೂ ಅವಧಾನದ ಪರೀಕ್ಷೆಯಲ್ಲಿಯೂ ಕೊಯ್ಲಾದ ಮೇಲೆ ಮೇಲಾಗಿ ಉತ್ತರ ಕೊಟ್ಟರು. ಯಾವ ಚೌಕವೂ ಅವರ ಮುಂದೆ ಮಿಂಚಿರಲಿಲ್ಲ. ಒಂದೇ ಪರೀಕ್ಷೆಯಿಂದ ಸಿದ್ಧಾಂತ ಸ್ಥಿರಪಡಲಾರದೆಂದು ಬಲ್ಲೆನು. ಆದರೂ ಕಬ್ಬು ಬೆಳೆಯುವ ನಮ್ಮ ಜಿಲ್ಲೆಯ ಮಕ್ಕಳು ತರಗತಿಯಲ್ಲಿ ಕಿಟಕಿಯ ಹೊರಗೆ ನೋಡುತ್ತಿದ್ದರೆ, ಬಾಕಿಯಿರುವುದು ಅವರ ಸ್ಮೃತಿಯೋ ಅವರ ಅಪ್ಪನಿಗೆ ಬರಬೇಕಾದ ಕಬ್ಬಿನ ಹಣವೋ ಎಂದು ಮೊದಲು ವಿಚಾರಿಸಬೇಕು. ರಾತ್ರಿ ಎಷ್ಟು ಹೊತ್ತಿಗೆ ಮಲಗಿದರೆಂದೂ ಕೇಳಬೇಕು. ಖೇದವು ನಿಜವಾದ ರೋಗವಾಗಿದ್ದರೆ ವೈದ್ಯರ ಬಳಿಗೆ ಕರೆದೊಯ್ಯತಕ್ಕದ್ದು. 1980ರ ದಶಕದಲ್ಲಿ ನಿಮ್ಹಾನ್ಸಿನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅಂಥ ನಾಡಿನಲ್ಲಿ ದುಃಖಕ್ಕೆ ಗುಂಡಿಯೊತ್ತುವ ಚಿಕಿತ್ಸೆಯನ್ನು ನಮ್ಮ ಸಂಘ ಬೋಧಿಸಬೇಕೆ?

ನಾನು ಇಷ್ಟು ಕಟುವಾಗಿ ಬರೆಯಲು ಕಾರಣವೊಂದಿದೆ. ನಮ್ಮ ಬೀದಿಯಲ್ಲಿ ಹತ್ತು ವರ್ಷದ ಹುಡುಗನೊಬ್ಬನಿದ್ದಾನೆ. ಮನೆಯವರು ಪೇಟೆಯ ಒಂದು ತರಗತಿಗೆ ಶುಲ್ಕ ಕಟ್ಟಿ ಅವನಿಗೆ ಇದೇ ವ್ಯಾಯಾಮವನ್ನು ನಾಲ್ಕು ತಿಂಗಳು ಮಾಡಿಸಿದರು. ಎರಡರಿಂದ ಮೂರಕ್ಕೆ ಅವನು ಏರಲೇ ಇಲ್ಲ. ಒಂದು ಸಂಜೆ ನಮ್ಮ ಜಗಲಿಯ ಮೇಲೆ ಬಂದು ಕುಳಿತು, "ತಾತ, ನನ್ನ ತಲೆಯಲ್ಲಿ ಜಾಗ ಕಡಮೆಯಂತೆ" ಎಂದನು. ನಗುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ತನ್ನ ಎತ್ತರವನ್ನೋ ತೂಕವನ್ನೋ ಹೇಳುವವನಂತೆ ಹೇಳಿದನು. ಮನಸ್ಸನ್ನು ಪ್ರಸನ್ನಗೊಳಿಸುವ ವಿದ್ಯೆಯಿದು! ನಾನೂ ಮೂರರಲ್ಲಿಯೇ ನಿಂತೆನೆಂದು ಅವನಿಗೆ ಹೇಳಿದ ಮೇಲೆ ಸ್ವಲ್ಪ ಮುಖವೆತ್ತಿದನು.

ಮುಂದಿನ ಸಭೆಯಲ್ಲಿ ನಾನು ಎರಡು ತಿದ್ದುಪಡಿಗಳನ್ನು ಮಂಡಿಸುವೆನು. ಸ್ಪರ್ಧೆಯೂ ಪುಸ್ತಕಗಳ ಖರೀದಿಯೂ ನಿಲ್ಲಕೂಡದೆಂಬುದು ಒಂದು. ಸ್ಪರ್ಧೆಯ ಕರೆಯೋಲೆಯಲ್ಲಿ ವರ್ಷವರ್ಷವೂ "ಬುದ್ಧಿವರ್ಧನಾರ್ಥವಾಗಿ" ಎಂದು ಅಚ್ಚು ಮಾಡಿಸುತ್ತಿರುವ ಮಾತನ್ನು ತೆಗೆದುಹಾಕಬೇಕೆಂಬುದು ಇನ್ನೊಂದು. ಹನ್ನೆರಡು ವರ್ಷಗಳ ಹಿಂದೆ ಆ ಮಾತನ್ನು ಸೇರಿಸಿದವನು ನಾನೇ.