ಅಕ್ಷರ ಉಳಿಯಬೇಕಾದರೆ

ಗಣಕಯಂತ್ರದಲ್ಲಿ ಕನ್ನಡ ಮೂಡಿದ ಮಾತ್ರಕ್ಕೆ ಅದು ಉಳಿಯಿತೆಂದು ಭಾವಿಸುವುದು ತಪ್ಪು. 1998ರಲ್ಲಿ ಬಂದ ‘ಬರಹ’ ಹಾಗೂ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶಗಳು ಕನ್ನಡದ ಬೆರಳಚ್ಚನ್ನು ಜನಸಾಮಾನ್ಯರಿಗೂ ಸುಲಭಗೊಳಿಸಿದವು. ಆ ಉಪಕಾರ ದೊಡ್ಡದು. ಆದರೆ ಅವುಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕಾರಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ಅಕ್ಷರರಾಶಿ ಮಾತ್ರ. ಯುನಿಕೋಡ್ ಆದರೋ 1991ರಲ್ಲಿಯೇ ಕನ್ನಡದ ಅಕ್ಷರಗಳಿಗೆ ಸ್ವಂತ ಸಂಖ್ಯೆಗಳನ್ನು ನೀಡಿತು; ಅಲ್ಲಿ ‘ಕ’ ಎಲ್ಲಿಗೆ ಹೋದರೂ ‘ಕ’ವೇ. ಇಂದು ಪರಿವರ್ತಕ ತಂತ್ರಾಂಶಗಳೂ ಉಚಿತವಾಗಿ ದೊರೆಯುತ್ತವೆ. ಆದುದರಿಂದ ಹಳೆಯ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸಿ, ಮೂಲದೊಡನೆ ಹೋಲಿಸಿ ತಿದ್ದಿ ಇಡುವುದು ಪ್ರತಿಯೊಂದು ಶಾಲೆಯ ಕರ್ತವ್ಯ. ಓಲೆಗರಿಗಳನ್ನು ಹುಳುವಿನಿಂದ ಕಾಯ್ದ ಹಿರಿಯರ ಮಕ್ಕಳು, ತಾವೇ ಮೊನ್ನೆ ಬೆರಳಚ್ಚು ಮಾಡಿದುದನ್ನು ಓದಲಾರದೆ ಹೋಗುವುದು ನಾಚಿಕೆಯ ಸಂಗತಿಯಲ್ಲವೆ?