ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕುಗಳ ಗಾಳಿ ಕುರಿತು ಮನವಿ ಪತ್ರ

ಗೆ,
ಮಾನ್ಯ ಸದಸ್ಯ ಕಾರ್ಯದರ್ಶಿಗಳು,
ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ,
ಪರಿಸರ ಭವನ, ಚರ್ಚ್ ಸ್ಟ್ರೀಟ್, ಬೆಂಗಳೂರು.
(ಮಾನ್ಯ ಜಿಲ್ಲಾಧಿಕಾರಿಗಳು, ರಾಯಚೂರು, ಇವರ ಮುಖಾಂತರ)

ವಿಷಯ: ಭತ್ತದ ಹುಲ್ಲಿನ ಹೊಗೆ, ಅಕ್ಕಿ ಗಿರಣಿಗಳ ಬೂದಿ ಹಾಗೂ ಗಣಿ ಪ್ರದೇಶದ ದೂಳಿನ ಅಳತೆ ಮತ್ತು ನಿಯಂತ್ರಣಕ್ಕೆ ಕೋರಿಕೆ.

ಮಾನ್ಯರೇ,

ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಸೀಮೆ ಭತ್ತದ ಕಣಜವೆನಿಸಿದೆ. ಕಟಾವು ಈಗ ಯಂತ್ರದ ಕೆಲಸ. ಯಂತ್ರ ಹಾದುಹೋದ ಗದ್ದೆಯಲ್ಲಿ ಮೊಣಕಾಲೆತ್ತರದ ಕೂಳೆ, ಅದರ ಮೇಲೆ ಚೆಲ್ಲಾಪಿಲ್ಲಿ ಹುಲ್ಲು. ಕಾಲುವೆಗೆ ಎರಡನೇ ಬೆಳೆಯ ನೀರು ಬಿಡುವ ಮುನ್ನ ಗದ್ದೆ ಖಾಲಿಯಾಗಲೇಬೇಕು, ಆಳು ಸಿಗುವುದಿಲ್ಲ. ರೈತ ಕಡ್ಡಿ ಗೀರುತ್ತಾನೆ. ಅವನನ್ನು ದೂರಲು ನಾವು ಈ ಪತ್ರ ಬರೆದಿಲ್ಲ. ನಮ್ಮಲ್ಲಿ ಬಹುಪಾಲು ಜನ ರೈತರೇ.

ಮುಂಗಾರು ಬೆಳೆಯ ಕಟಾವು ಬರುವುದು ಚಳಿಗಾಲದ ಬಾಗಿಲಿಗೆ. ಹೊಗೆ ಹರಡುವ ಕೆಳಗಿನ ವಾಯುಪದರ, ಅಂದರೆ ಪರಿವರ್ತನ ಮಂಡಲ, ಉಷ್ಣವಲಯದಲ್ಲಿ 16ರಿಂದ 18 ಕಿ.ಮೀ. ಎತ್ತರದವರೆಗೆ ಇದೆಯೆಂದು ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಆದರೆ ಚಳಿಯ ರಾತ್ರಿ ನೆಲ ಬೇಗ ತಣಿದು, ತಣ್ಣನೆ ಗಾಳಿ ಕೆಳಗೆ ಕೂತು, ಬೆಚ್ಚನೆ ಗಾಳಿ ಅದರ ಮೇಲೆ ಮುಚ್ಚಳದಂತೆ ಕವಿಯುತ್ತದೆ. ಆಗ ಹೊಗೆಗೆ ದಕ್ಕುವ ಎತ್ತರ ಕೆಲವು ನೂರು ಮೀಟರ್ ಮಾತ್ರ. ಸಂಜೆ ಹಚ್ಚಿದ ಬೆಂಕಿಯ ಹೊಗೆ ಬೆಳಗಿನವರೆಗೂ ಊರು, ಕ್ಯಾಂಪುಗಳ ಮೇಲೆಯೇ ನಿಂತಿರುತ್ತದೆ. ಉಬ್ಬಸದವರಿಗೆ ಆ ದಿನಗಳಲ್ಲಿ ನಿದ್ದೆಯಿಲ್ಲ.

ನಷ್ಟ ರೈತನಿಗೂ ಇದೆ. ಒಂದು ಟನ್ ಹುಲ್ಲು ಸುಟ್ಟರೆ ಸುಮಾರು 5.5 ಕೆ.ಜಿ. ಸಾರಜನಕ, 25 ಕೆ.ಜಿ. ಪೊಟ್ಯಾಷ್ ನಷ್ಟವೆಂಬುದು ಕೃಷಿ ವಿಜ್ಞಾನಿಗಳ ಲೆಕ್ಕ. 45 ಕೆ.ಜಿ.ಯ ಯೂರಿಯಾ ಚೀಲದಲ್ಲಿರುವ ಸಾರಜನಕ ಸುಮಾರು 20.7 ಕೆ.ಜಿ. ಅಂದರೆ ನಾಲ್ಕು ಟನ್ ಹುಲ್ಲಿನ ಜೊತೆ ಒಂದು ಚೀಲ ಯೂರಿಯಾ ಸುಟ್ಟಂತಾಯಿತು. ಗಾಳಿಯಲ್ಲಿ ಶೇ 78ರಷ್ಟು ಇರುವ ಸಾರಜನಕವನ್ನೇ ಕಾರ್ಖಾನೆ ಹಿಡಿದು ಚೀಲಕ್ಕೆ ತುಂಬುತ್ತದೆ, ರೈತ ದುಡ್ಡು ಕೊಟ್ಟು ತಂದು ಮಣ್ಣಿಗೆ ಹಾಕುತ್ತಾನೆ, ಬೆಳೆ ಹೀರುತ್ತದೆ, ಬೆಂಕಿ ಅದನ್ನು ಮತ್ತೆ ಗಾಳಿಗೆ ಒಪ್ಪಿಸುತ್ತದೆ. ಗದ್ದೆಗೆ ಹೆಚ್ಚಾಗಿ ಸುರಿದ ಯೂರಿಯಾದ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಮೇಲೇರುತ್ತದೆ. ಅದು ಗಾಳಿಯಲ್ಲಿ ನೂರಕ್ಕೂ ಹೆಚ್ಚು ವರ್ಷ ಉಳಿದು, ಸಮೋಷ್ಣ ಮಂಡಲದ ಓಜೋನ್ ಪದರವನ್ನೂ ಸವೆಸುತ್ತದೆ.

ಆದ್ದರಿಂದ ನಮ್ಮ ಮುಖ್ಯ ಬೇಡಿಕೆ ಹುಲ್ಲಿಗೆ ಒಂದು ದಾರಿ ಮಾಡಿಕೊಡಿ ಎಂಬುದು. ಲಿಂಗಸುಗೂರು ಮತ್ತು ಮಸ್ಕಿಯ ಮಳೆಯಾಶ್ರಿತ ಹಳ್ಳಿಗಳಲ್ಲಿ ಬರ ಬಿದ್ದ ವರ್ಷ ದನಕ್ಕೆ ಮೇವಿಲ್ಲ. ಅದೇ ಜಿಲ್ಲೆಯ ನೀರಾವರಿ ಗದ್ದೆಗಳಲ್ಲಿ ಮೇವು ಉರಿಯುತ್ತದೆ. ಮೂರೂ ಪಟ್ಟಣಗಳನ್ನು ಹೊಲಿದಂತೆ ರಾಷ್ಟ್ರೀಯ ಹೆದ್ದಾರಿ 150ಎ ಹಾದುಹೋಗಿದೆ, ರಸ್ತೆಯ ಕೊರತೆಯಿಲ್ಲ. ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಹುಲ್ಲಿನ ಪೆಂಡಿ ಕಟ್ಟುವ ಬೇಲರ್ ಯಂತ್ರಗಳು ಕಟಾವಿನ ಹೊತ್ತಿಗೆ ಬಾಡಿಗೆಗೆ ಸಿಗಬೇಕು. ಸಾಗಣೆ ವೆಚ್ಚವನ್ನು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಿಂದ ಭರಿಸಲು ತಾವು ಜಿಲ್ಲಾಡಳಿತಕ್ಕೆ ಶಿಫಾರಸು ಮಾಡಬೇಕು. ಈ ವ್ಯವಸ್ಥೆ ಆಗುವ ಮೊದಲೇ ರೈತರ ಮೇಲೆ ದಂಡ ಹಾಕುವುದನ್ನು ನಾವು ಒಪ್ಪುವುದಿಲ್ಲ.

ಗಿರಣಿಗಳ ಮಾತು ಬೇರೆ. ಭತ್ತದ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಹೊಟ್ಟು. ಅದನ್ನು ಬಾಯ್ಲರಿಗೆ ಹಾಕಿದರೆ ಮತ್ತೆ ಸುಮಾರು ಐದನೇ ಒಂದು ಪಾಲು ಬೂದಿ, ಬಹುತೇಕ ಸಿಲಿಕಾ. ತೆರೆದ ಟ್ರ್ಯಾಕ್ಟರ್ ಟ್ರೇಲರ್‌ನಿಂದ ಹಾರುವ ಈ ಬೂದಿ ಹಿಂದೆ ಬರುವ ಬೈಕ್ ಸವಾರನ ಕಣ್ಣಿಗೆ ಬೀಳುತ್ತದೆ, ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆಗೆ ಕಪ್ಪು ಚುಕ್ಕೆಯಾಗಿ ಕೂರುತ್ತದೆ. 1981ರ ವಾಯು ಮಾಲಿನ್ಯ ನಿಯಂತ್ರಣ ಕಾಯ್ದೆಯಡಿ ತಮಗೆ ಪೂರ್ಣ ಅಧಿಕಾರವಿದೆ. ಚಿಮಣಿಗಳಲ್ಲಿ ಬೂದಿ ಹಿಡಿಯುವ ಸಾಧನ ನಡೆಯುತ್ತಿದೆಯೇ ಎಂದು ಹಂಗಾಮಿನಲ್ಲಿ, ಮುನ್ಸೂಚನೆಯಿಲ್ಲದೆ, ರಾತ್ರಿ ಹೊತ್ತೂ ತಪಾಸಣೆಯಾಗಬೇಕು. ಬೂದಿಯನ್ನು ನೀರು ಚಿಮುಕಿಸಿ, ತಾಡಪಾಲು ಹೊದಿಸಿಯೇ ಸಾಗಿಸಬೇಕು.

ಇಲ್ಲಿ ಒಂದು ಮಾತು. ಅಶೋಕನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ಮೊದಲು ಸಿಕ್ಕಿದ್ದು ನಮ್ಮ ಮಸ್ಕಿಯ ಗುಡ್ಡದಲ್ಲಿ. ಅದೇ ಅರಸನ ಐದನೆಯ ಸ್ತಂಭ ಶಾಸನ, ಇಲ್ಲಿಯದಲ್ಲ, ಉತ್ತರ ಭಾರತದ್ದು, ಜೀವಿಗಳಿರುವ ಹೊಟ್ಟನ್ನು ಸುಡಬಾರದೆಂದು ವಿಧಿಸಿದೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಆಡಳಿತಕ್ಕೆ ಕಂಡದ್ದು ಇಂದಿನ ಆಡಳಿತಕ್ಕೆ ಕಾಣದಿರಲು ಕಾರಣವಿಲ್ಲ.

ಇನ್ನು ಅಳತೆ. 2009ರ ರಾಷ್ಟ್ರೀಯ ಮಾನದಂಡದಂತೆ 24 ಗಂಟೆಯ ಸರಾಸರಿಯಲ್ಲಿ ಪಿಎಂ 10 ಕಣಗಳು ಘನ ಮೀಟರಿಗೆ 100 ಮೈಕ್ರೊಗ್ರಾಂ, ಪಿಎಂ 2.5 ಕಣಗಳು 60 ಮೈಕ್ರೊಗ್ರಾಂ ಮೀರಬಾರದು. ಮೂರೂ ತಾಲೂಕು ಕೇಂದ್ರಗಳಲ್ಲಿ ಹಗಲಿರುಳು ಅಳೆಯುವ ಕೇಂದ್ರ ಬೇಕು. ಆ ದಿನದ ಅಂಕಿ ಬಸ್ ನಿಲ್ದಾಣದ ಫಲಕದಲ್ಲಿ ಕನ್ನಡದಲ್ಲಿ ಕಾಣಬೇಕು. ಹಟ್ಟಿ ಚಿನ್ನದ ಗಣಿಯ ಸುತ್ತಲಿನ ಹಳ್ಳಿಗಳಲ್ಲಿ ಗಾಳಿಕಾಲದ ದೂಳನ್ನು ಪ್ರತ್ಯೇಕವಾಗಿ ಅಳೆದು ವರದಿ ಪ್ರಕಟಿಸಬೇಕು. ಇದು ಯಾರ ಮೇಲಿನ ಆರೋಪವೂ ಅಲ್ಲ, ನಿಜ ತಿಳಿಯುವ ಬೇಡಿಕೆ. ಪಟ್ಟಣಗಳ ಕಸಕ್ಕೆ ಬೆಂಕಿ ಇಡುವುದು ನಾಳೆಯಿಂದಲೇ ನಿಲ್ಲಬಹುದು, ಅದಕ್ಕೆ ಯಂತ್ರವೂ ಬೇಡ, ಅನುದಾನವೂ ಬೇಡ.

ಮುಂದಿನ ಮುಂಗಾರು ಬೆಳೆಯ ಕಟಾವಿಗೆ ಮುನ್ನ ಸಿಂಧನೂರಿನಲ್ಲಿ ರೈತರು, ಗಿರಣಿ ಮಾಲೀಕರು ಮತ್ತು ತಮ್ಮ ರಾಯಚೂರು ಪ್ರಾದೇಶಿಕ ಕಚೇರಿಯ ಅಧಿಕಾರಿಗಳ ಜಂಟಿ ಸಭೆ ಕರೆದು, ಪ್ರತಿ ಬೇಡಿಕೆಗೂ ಲಿಖಿತ ಉತ್ತರ ನೀಡಬೇಕೆಂದು ವಿನಂತಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲೂಕುಗಳ ರೈತರು ಹಾಗೂ ನಾಗರಿಕರು